ಬೆಟ್ಟದ ಸೀಸನ್ನು ಯಾರದು?

ಮೊನ್ನೆ, ತೈ ತಿಂಗಳ ಪೊಂಗಲ್, ಅಂದರೆ ಸಂಕ್ರಾಂತಿ, ಕಳೆದು ವಾರವಾಗಿರಬಹುದು, ಸಂಜೆ ಅಂಗಡಿಯಿಂದ ತಟ್ಟುವಡೆ ಕಟ್ಟಿಸಿಕೊಂಡು ಬಂದೆ. ತಿಂದಾದ ಮೇಲೆ ಎಣ್ಣೆ ಕುಡಿದ ಕಾಗದವನ್ನು ಮುದುರಿ ಎಸೆಯಬೇಕಿತ್ತು. ನನಗೊಂದು ಕೆಟ್ಟ ಚಾಳಿ, ಪೊಟ್ಟಣದ ಕಾಗದ ಓದದೆ ಎಸೆದರೆ ತಿಂದದ್ದು ಅರಗುವುದಿಲ್ಲ. ತಮಿಳು ಪತ್ರಿಕೆಯ ಹಾಳೆ. ಮೇಲೆ ಬೆಟ್ಟದ ಬಣ್ಣದ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ ಒಂದು ಅಪ್ಪಣೆ: ಯೇರ್ಕಾಡಿಗೆ ಹೋಗಲು ತಕ್ಕ ಕಾಲ ಏಪ್ರಿಲಿನಿಂದ ಜೂನ್.

ಮೈಯೆಲ್ಲ ಉರಿದುಹೋಯಿತು. ನೀವು ನಗಬಹುದು, ಎಪ್ಪತ್ತು ದಾಟಿದ ಮುದುಕಿಗೆ ವಡೆ ಕಟ್ಟಿದ ಕಾಗದದ ಮೇಲೆ ಎಂಥ ಸಿಟ್ಟು ಎಂದು. ನಗಿ, ಬೇಡವೆನ್ನುವುದಿಲ್ಲ. ಆದರೆ ಒಂದು ಮಾತು ಹೇಳಿ: ತಕ್ಕ ಕಾಲ ಎಂದರೆ ಯಾರಿಗೆ ತಕ್ಕ ಕಾಲ? ನಾನು ಇದನ್ನು ಐವತ್ತು ವರ್ಷಕ್ಕೂ ಮೇಲಿನಿಂದ ಕೇಳುತ್ತಿದ್ದೇನೆ. ಇವತ್ತಿನವರೆಗೂ ಒಬ್ಬ ಮಹಾನುಭಾವನೂ ಉತ್ತರ ಕೊಟ್ಟಿಲ್ಲ.

ಓಮಲೂರಿನಿಂದ ಸೇಲಮ್ಮಿಗೆ ನಾನು ಸೊಸೆಯಾಗಿ ಬಂದದ್ದು ಅರವತ್ತರ ದಶಕ ಮುಗಿಯುವ ಹೊತ್ತಿಗೆ. ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಜಗಳಕ್ಕೆ ಎರಡೂ. ಹಿತ್ತಲ ಬಾಗಿಲು ತೆರೆದರೆ ಎದುರಿಗೇ ಯೇರ್ಕಾಡಿನ ಬೆಟ್ಟ. ನಮ್ಮತ್ತೆ ಚೌಡಮ್ಮ ಬೆಳಿಗ್ಗೆ ಮುಖ ತೊಳೆಯುವುದು ಆ ಬೆಟ್ಟ ನೋಡಿಕೊಂಡು, ಪಾತ್ರೆ ಬೆಳಗುವುದು ಆ ಬೆಟ್ಟ ನೋಡಿಕೊಂಡು, ಮಾವನನ್ನು ಬಯ್ಯುವುದೂ ಆ ಬೆಟ್ಟಕ್ಕೇ ಮುಖ ಮಾಡಿಕೊಂಡು. ಬಸ್ ಹತ್ತಿದರೆ ಎರಡು ಗಂಟೆಯೂ ಆಗದ ದಾರಿ. ಆ ಮನೆಗೆ ಬಂದು ಮೂವತ್ತು ವರ್ಷವಾಗಿದ್ದರೂ ಅತ್ತೆ ಒಂದು ಸಲವೂ ಅದನ್ನು ಹತ್ತಿರಲಿಲ್ಲ.

"ದೂರದ ಬೆಟ್ಟ ನುಣ್ಣಗೆ ಕಣೇ. ಓಗಿ ನೋಡಿದ್ರೆ ಬರೀ ಕಲ್ಲು ಮುಳ್ಳು," ಎನ್ನುತ್ತಿದ್ದರು ಮಾವ.

"ಮುಳ್ಳಾದ್ರೂ ಇರ್ಲಿ, ಕಲ್ಲಾದ್ರೂ ಇರ್ಲಿ. ನಾನು ಅತ್ತಿ ನೋಡ್ಬೇಕು."

"ಸೀಸನ್ ಬರ್ಲಿ, ಓಗೋಣ."

ಈ ಸೀಸನ್ ಎಂಬ ಮಾತು ನಮ್ಮ ಮಾವನ ಬಾಯಿಗೆ ಎಲ್ಲಿಂದ ಬಂತೋ! ಅವರಿಗೆ ಗೊತ್ತಿದ್ದ ಇಂಗ್ಲಿಷು ಬಸ್ಸು, ಟಿಕೆಟ್ಟು, ಸೊಸೈಟಿ. ಅವುಗಳ ಜೊತೆಗೆ ಇದೂ ಒಂದು. ಸೀಸನ್ ಬರುತ್ತಿತ್ತು. ಬಂದಾಗ ಅದೇ ಮಾವ, "ಈಗೆಲ್ಲಮ್ಮ ಪುರುಸೊತ್ತು? ಅಡುತ್ತ ವರುಷಂ ಪಾಕ್ಕಲಾಂ," ಎನ್ನುತ್ತಿದ್ದರು. ಮುಂದಿನ ವರ್ಷ ನೋಡೋಣ ಎಂಬುದನ್ನು ಕನ್ನಡದಲ್ಲಿ ಹೇಳಿದರೆ ಎಲ್ಲಿ ಮಾತು ಕೊಟ್ಟಂತಾಗಿಬಿಡುತ್ತದೋ ಎಂದು ತಮಿಳಿನಲ್ಲಿ ಹೇಳುತ್ತಿದ್ದರು ಎಂದು ನನ್ನ ಗುಮಾನಿ.

ಪುರುಸೊತ್ತು ಇರಲಿಲ್ಲ ಎನ್ನುವುದು ಮಾತ್ರ ಸುಳ್ಳಲ್ಲ. ನೇಯುವ ಮೊದಲು ನೂಲಿನ ಹಾಸನ್ನು ಬೀದಿಯ ಉದ್ದಕ್ಕೂ ಬಿಗಿದು ಕಟ್ಟಿ ಗಂಜಿ ಬಳಿದು ಒಣಗಿಸಬೇಕು. ಅದಕ್ಕೆ ನಾವು ಪಾವು ಎನ್ನುತ್ತೇವೆ, ಅದನ್ನು ಹಾಸುವ ಬಯಲಿಗೆ ಪಾವಡಿ. ಒಂದು ಮನೆಯವರು ಪಾವು ಹಾಸಿದರೆ ಪ್ರತಿ ಮನೆಯಿಂದಲೂ ಆಳು ಬರಬೇಕು. ಗಂಡಸರು ಕುಂಚ ಎಳೆಯುವುದು, ಹೆಂಗಸರು ಎರಡೂ ಬದಿಯಲ್ಲಿ ಬಗ್ಗಿ ನಿಂತು ಕಡಿದ ಎಳೆ ಹುಡುಕಿ ಗಂಟು ಹಾಕುವುದು. ಕೂಲಿಯಿಲ್ಲ, ನೀನು ನನಗೆ ಬಂದೆ, ನಾನು ನಿನಗೆ ಬರುತ್ತೇನೆ, ಅಷ್ಟೆ. ಮನೆಯಲ್ಲಿ ಹೆಣ ಇದ್ದರೂ ಒಬ್ಬರನ್ನು ಕಳಿಸಿ ಅಳಬೇಕು ಎಂದು ಬೀದಿಯಲ್ಲಿ ಗಾದೆಯೇ ಇತ್ತು. ಈ ಕೆಲಸಕ್ಕೆ ಬಿಸಿಲು ಬೇಕು. ಬಿಸಿಲು ಚುರುಕಾದಷ್ಟೂ ಕೆಲಸ ಹೆಚ್ಚು. ಹಾಗಾಗಿ ಸೀಸನ್ ಎಂದು ದೊಡ್ಡವರು ಬೆಟ್ಟ ಹತ್ತುವ ಚಿತ್ತಿರೈ, ವೈಗಾಸಿಯ ಕಡುಬೇಸಿಗೆಯಲ್ಲಿ ನಾವು ಬೀದಿಯಲ್ಲಿ ಹುರಿದುಹೋಗುತ್ತಿದ್ದೆವು. ಐಪ್ಪಸಿಯಲ್ಲಿ, ದೀಪಾವಳಿಯ ಹೊತ್ತಿಗೆ, ಮಳೆ ಹಿಡಿದು, ಮಗ್ಗದ ಗುಂಡಿಯಲ್ಲಿ ನೀರು ಒಸರಿ, ಕಾಲಿಡುವುದಕ್ಕೂ ಆಗದೆ ಕೈಕಟ್ಟಿ ಕೂರುವಾಗ ನಮಗೆ ಬಿಡುವು. ಆಗ ಬೆಟ್ಟ ಮೋಡದೊಳಗೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ.

ಅತ್ತೆಗೆ ಬೆಟ್ಟದ ತಂಪೂ ಬೇಕಿರಲಿಲ್ಲ, ಹೂವಿನ ತೋಟವೂ ಬೇಕಿರಲಿಲ್ಲ. ಅವರ ಆಸೆ ಬೇರೆ. ಅದನ್ನು ಹೊತ್ತಿಸಿದವಳು ನಮಗೆ ನೂಲು ಕೊಟ್ಟು ನೇಯಿಸುತ್ತಿದ್ದ ಮುದಲಾಳಿಯ, ಅಂದರೆ ಧಣಿಯ, ಹೆಂಡತಿ. ಒಂದು ದಿನ ಸೀರೆ ಒಯ್ಯಲು ಬಂದವಳು ಜಗಲಿಯಲ್ಲಿ ಕೂತು, "ಬೆಟ್ಟದ ಮೇಲಿಂದ ನಿಮ್ಮ ಬೀದಿ ಅಂಗೈಯಷ್ಟು ಕಾಣ್ತೈತೆ ಚೌಡಮ್ಮ. ಪಾವೆಲ್ಲ ಒಣಾಕಿದ ಸೀರೆ ಅಂಚಿನಂಗೆ," ಎಂದು ಹೇಳಿ ಮಜ್ಜಿಗೆ ಕುಡಿದು ಹೋದಳು.

ಅತ್ತೆ ಆವತ್ತು ಉಣ್ಣಲಿಲ್ಲ. "ನನ್ನ ಪಾವ ನೋಡಕ್ಕೆ ಅವಳ್ಯಾರಮ್ಮಿ? ಮೂವತ್ತು ವರ್ಷದಿಂದ ಅದ್ರ ಪಕ್ಕ ಬಗ್ಗಿ ನಿಂತಿವ್ನಿ. ಕೈ ಎಟುಕೋ ಅಷ್ಟು ನೂಲು ಬಿಟ್ರೆ ಬೇರೆ ಕಂಡಿಲ್ಲ. ಒಂದಪ ತಲೆ ಎತ್ತಿ, ಈ ತುದಿಯಿಂದ ಆ ತುದಿ ಪೂರ್ತಿ ನೋಡ್ಬೇಕು. ಅಷ್ಟೇಯ."

ಅಷ್ಟೇ. ರಾಜ್ಯ ಕೇಳಲಿಲ್ಲ, ಒಡವೆ ಕೇಳಲಿಲ್ಲ. ತಾನು ಮಾಡಿದ್ದನ್ನು ತಾನು ಒಂದು ಸಲ ಪೂರ್ತಿ ನೋಡಬೇಕು.

ಆ ವರ್ಷ ಐಪ್ಪಸಿಯಲ್ಲಿ ಮಾವ ಸೋತರು. ಪಾವು ಇಲ್ಲದಿದ್ದರೆ ಬೀದಿಯಾದರೂ ಕಾಣುತ್ತದೆ ಎಂದು ಅತ್ತೆ ಹಟ ಹಿಡಿದದ್ದಕ್ಕೆ ಮಾವ, ಅತ್ತೆ, ನನ್ನ ಗಂಡ, ನಾನು ನಾಲ್ವರೂ ಬಸ್ ಹತ್ತಿದೆವು. ತಿರುವು ತಿರುವಿಗೂ ನನಗೆ ವಾಂತಿ. ಮೇಲೆ ಇಳಿದರೆ ಮುಂದೆ ನಡೆಯುವವರ ಬೆನ್ನು ಕಾಣದಷ್ಟು ಮಂಜು. ಕೆಳಗೆ ಸೇಲಂ ಕಾಣುವ ಕಟ್ಟೆ ಇದು ಎಂದು ಯಾರೋ ತೋರಿಸಿದ ಕಡೆ ಹೋಗಿ ನಿಂತೆವು. ಹಾಲಿನ ತಪ್ಪಲೆಯೊಳಗೆ ಇಣುಕಿದಂತಿತ್ತು. ಚಹದ ಪೆಟ್ಟಿಗೆಯಂಗಡಿಯವನು ಬಾಗಿಲು ಹಾಕುತ್ತಾ, "ಸೀಸನ್ ಮುಡಿಂಜು ಪೋಚ್ಚಮ್ಮಾ. ಮೇ ಮಾಸಂ ವಾಂಗ," ಎಂದ. ಸೀಸನ್ ಮುಗಿಯಿತಂತೆ, ಮೇ ತಿಂಗಳಲ್ಲಿ ಬರಬೇಕಂತೆ.

ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತು ಅಪ್ಪಟ ಕನ್ನಡದಲ್ಲಿ ಕೇಳಿದರು. "ಮೇ ತಿಂಗ್ಳಾಗೆ ನಿಮ್ಮಪ್ಪ ಬಂದು ನನ್ನ ಪಾವಿಗೆ ಗಂಜಿ ಬಳೀತಾನೇನ್ಲಾ?"

ಅವನಿಗೆ ಒಂದಕ್ಷರ ತಿಳಿಯಲಿಲ್ಲ. ನಕ್ಕು, ಹೂಂ ಎಂದು ತಲೆಯಾಡಿಸಿದ.

ಮುಂದಿನ ವೈಗಾಸಿಯಲ್ಲಿ ಆದದ್ದನ್ನು ನಮ್ಮ ಬೀದಿ ಬಹಳ ಕಾಲ ಮರೆಯಲಿಲ್ಲ. ಆವತ್ತು ನಮ್ಮದೇ ಪಾವು. ಬೆಳಕು ಹರಿಯುವ ಮೊದಲೇ ಹಾಸಿ ಕಟ್ಟಿಯಾಗಿತ್ತು. ಕೆಂಪು ನೂಲು, ನಡುವೆ ಹಸಿರು. ಎಲ್ಲ ಮನೆಯವರೂ ಬಂದು ನಿಂತಿದ್ದರು. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಮಾವನ ಕೈಯಿಂದ ಕುಂಚ ಕಿತ್ತು ಪಕ್ಕದ ಮನೆಯವನಿಗೆ ಕೊಟ್ಟರು.

"ನೀವು ಇವತ್ತು ನನ್ನ ಜಾಗದಾಗೆ ಬಗ್ಗಿ ನಿಂತ್ಕಳಿ. ನಾನು ಓಗಿ ನೋಡ್ಕಂಡು ಬತ್ತೀನಿ. ಬಾರಮ್ಮಿ."

ಊರೇ ಕೆಲಸಕ್ಕೆ ಬಂದು ನಿಂತಿರುವಾಗ ಮನೆಯ ಯಜಮಾನಿ ಬೆಟ್ಟ ನೋಡಲು ಹೋಗುವುದೆಂದರೆ! ಮದುವೆ ಮಂಟಪದಿಂದ ಹೆಣ್ಣಿನ ತಾಯಿ ಎದ್ದು ಹೋದರೂ ಅಷ್ಟು ಅವಮಾನವಿಲ್ಲ. ಹೆಂಗಸರು ಗದ್ದಲವೆಬ್ಬಿಸಿದರು. ಅತ್ತೆ ತಿರುಗಿ ನೋಡಲಿಲ್ಲ. ನಾನು ಹೆದರುತ್ತಲೇ ಹಿಂದೆ ಓಡಿದೆ. ಒಳಗೊಳಗೆ ಖುಷಿಯೂ ಇತ್ತು, ಸುಳ್ಳೇಕೆ ಹೇಳಲಿ?

ಮೇಲೆ ಸೀಸನ್ನೋ ಸೀಸನ್. ಕಾರುಗಳ ಸಾಲು, ಶಾಲು ಹೊದ್ದ ಹೆಂಗಸರು, ಫ್ಲಾಸ್ಕು, ಕ್ಯಾಮರಾ. ಜನರನ್ನು ಸರಿಸಿಕೊಂಡು ಅತ್ತೆ ಕಟ್ಟೆಗೆ ಹೋಗಿ ಕಂಬಿ ಹಿಡಿದರು. ಮಂಜು ಇರಲಿಲ್ಲ. ಸೇಲಮ್ಮೂ ಇರಲಿಲ್ಲ. ಧೂಳೋ ಹೊಗೆಯೋ ಬಿಸಿಲಿನ ಝಳವೋ, ಊರಿರಬೇಕಾದ ಕಡೆ ಬೂದಿ ಬಣ್ಣದ ಒಂದು ಪರದೆ. ಅತ್ತೆ ಕಣ್ಣುಜ್ಜಿಕೊಂಡರು, ಕೈ ಅಡ್ಡ ಹಿಡಿದರು, ಅತ್ತ ಹೋದರು, ಇತ್ತ ಬಂದರು. ಅದೇ ಹೊತ್ತಿನಲ್ಲಿ ಆ ಬೂದಿಯ ಅಡಿಯಲ್ಲೆಲ್ಲೋ ಅವರ ಕೆಂಪು ಪಾವು ಒಣಗುತ್ತಿತ್ತು. ಪಕ್ಕದಲ್ಲೊಬ್ಬ ಹೆಂಡತಿಗೆ, ಎಷ್ಟು ಹಾಯಾಗಿದೆ ಅಲ್ಲವಾ ಎನ್ನುತ್ತಿದ್ದ.

ತುಂಬ ಹೊತ್ತಿನ ಮೇಲೆ ಅತ್ತೆ ಕಂಬಿ ಬಿಟ್ಟರು. "ಇಲ್ಲಿಂದ ನಾವು ಯಾರ್ಗೂ ಕಾಣಲ್ಲ ಕಣಮ್ಮಿ. ಅದ್ಕೇ ಇವ್ರು ಇಷ್ಟು ತಣ್ಣಗೆ ಕುಂತವ್ರೆ."

ನಾವು ಇಳಿದು ಬಂದಾಗ ಪಾವು ಸುತ್ತಿಯಾಗಿತ್ತು. ಮಾವ ಸೊಂಟ ಹಿಡಿದುಕೊಂಡು ಜಗಲಿಯಲ್ಲಿ ಮಲಗಿದ್ದರು, ಬೆಳಗಿನಿಂದ ಬಗ್ಗಿ ಬಗ್ಗಿ ಏಳಲಾಗದೆ. "ಮಾನ ಕಳ್ದೆ," ಎಂದರು. "ಸೊಂಟ ಎಂಗೈತೆ?" ಎಂದರು ಅತ್ತೆ. ಅಲ್ಲಿಗೆ ಅವರಿಬ್ಬರ ಮಾತು ಮುಗಿಯಿತು. ಬೆಳಿಗ್ಗೆ ಬಾಯಿಗೆ ಬಂದ ಹಾಗೆ ಬಯ್ದ ಹೆಂಗಸರು ಒಬ್ಬೊಬ್ಬರಾಗಿ ನಮ್ಮ ಹಿತ್ತಲಿಗೆ ಬಂದರು. ಜಗಳಕ್ಕೇ ಬಂದರೆಂದು ನಾನು ಸೆರಗು ಸಿಕ್ಕಿಸಿಕೊಂಡು ಸಿದ್ಧಳಾದೆ. ಅವರು ದನಿ ತಗ್ಗಿಸಿ ಕೇಳಿದ್ದು ಒಂದೇ: "ಕಂಡ್ತಾ ಚೌಡಕ್ಕ?"

"ಇಲ್ಲ. ಆ ಮುದಲಾಳಿ ಎಂಡ್ರು ಬಾಯಿ ಬಿಟ್ರೆ ಸುಳ್ಳು."

ಅವರ ಮುಖಗಳು ಬಾಡಿದ್ದನ್ನು ನಾನು ನೋಡಿದೆ. ಆಸೆ ಅತ್ತೆಯೊಬ್ಬರದೇ ಆಗಿರಲಿಲ್ಲ. ಅತ್ತೆ ಮತ್ತೆ ಬೆಟ್ಟದ ಮಾತೆತ್ತಲಿಲ್ಲ. ಮುದಲಾಳಿಯ ಹೆಂಡತಿ ಬಂದರೆ ಒಳಗೆ ಎದ್ದು ಹೋಗುತ್ತಿದ್ದರು. ಎಪ್ಪತ್ತರ ದಶಕ ಮುಗಿಯುವ ಮೊದಲೇ, ಒಂದು ಆಡಿ ತಿಂಗಳಲ್ಲಿ, ಜ್ವರ ಬಂದು ಹೋಗಿಬಿಟ್ಟರು.

ಇಷ್ಟೆಲ್ಲ ನೆನಪಾದ ಮೇಲೆ ನಿದ್ದೆ ಎಲ್ಲಿಂದ ಬರಬೇಕು? ಮಾರನೆಯ ಬೆಳಿಗ್ಗೆ ಯಾರಿಗೂ ಹೇಳದೆ ಬಸ್ ಹತ್ತಿದೆ. ಸೀಸನ್ನಲ್ಲದ ತಿಂಗಳು, ಬಿಡುವಿಲ್ಲದ ಮಂಡಿನೋವು. ಹೋಗಲಿ, ನೋಡಿಯೇಬಿಡುವಾ ಎನ್ನಿಸಿತು. ಕಟ್ಟೆಯ ಹತ್ತಿರ ಫೋಟೋ ತೆಗೆಯುತ್ತಿದ್ದ ಒಂದು ಜೋಡಿ ಬಿಟ್ಟರೆ ಯಾರೂ ಇರಲಿಲ್ಲ. ಬೆಳಗಿನ ಮಂಜು ಹರಿದಿತ್ತು. ಮಳೆಗಾಲ ತೊಳೆದಿಟ್ಟು ಹೋದ ಗಾಳಿ. ಕಂಬಿ ಹಿಡಿದು ಬಗ್ಗಿದೆ.

ಕಂಡಿತು ಮಾರಾಯರೇ! ಕೆರೆ ಕಂಡಿತು, ರೈಲು ಹಳಿ ಕಂಡಿತು, ಹಳಿಯ ಆಚೆ ನಮ್ಮ ಬೀದಿ, ಅದರ ತುದಿಗೆ ಪಾವಡಿ. ಈಗ ಅಲ್ಲಿ ಪಾವು ಹಾಸುವವರಿಲ್ಲ, ಬಾಡಿಗೆ ವ್ಯಾನುಗಳು ನಿಲ್ಲುತ್ತವೆ. ಅವುಗಳ ತಗಡಿನ ಸಾಲು ಬಿಸಿಲಿಗೆ ಮಿನುಗುತ್ತಿದ್ದದ್ದು ಚೆನ್ನಾಗಿಯೇ ಕಾಣುತ್ತಿತ್ತು. ಅದು ಕಂಡರೆ ಬೀದಿಯುದ್ದದ ಕೆಂಪು ಪಾವು ಕಾಣುತ್ತಿರಲಿಲ್ಲವೇ? ಇದೇ ತೈ ತಿಂಗಳ ಎಳೆಬಿಸಿಲಿನಲ್ಲೂ ನಾವು ಪಾವು ಹಾಸುತ್ತಿದ್ದೆವಲ್ಲ! ಮುದಲಾಳಿಯ ಹೆಂಡತಿ ಸುಳ್ಳು ಹೇಳಿರಲಿಲ್ಲ. ಅವರು ಕಾರು ಇದ್ದವರು, ಬೇಕಾದ ತಿಂಗಳು ಹತ್ತುತ್ತಿದ್ದರು. ಯಾವ ತಿಂಗಳು ಎಂದು ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ. ಬೆಟ್ಟವೆಂದರೆ ಮೇ ಎಂದು ನಮ್ಮ ತಲೆಗೆ ಯಾರೋ ಮೊಳೆ ಹೊಡೆದಿದ್ದರು. ಹೊಡೆದವರಿಗೇನು? ಅವರು ಮೇಲೆ ಹತ್ತುವುದು ಸೇಲಮ್ಮಿನ ಉರಿ ಮರೆಯುವುದಕ್ಕೆ, ಊರು ಕಾಣದಿದ್ದರೇ ಅವರಿಗೆ ಸುಖ. ನಮ್ಮತ್ತೆ ಹತ್ತಿದ್ದು ಸೇಲಂ ನೋಡುವುದಕ್ಕೆ. ಅದಕ್ಕೂ ಒಂದು ಕಾಲವಿದೆ ಎಂದು ಯಾವ ಪುಣ್ಯಾತ್ಮನೂ ಯಾವ ಹಾಳೆಯಲ್ಲೂ ಅಚ್ಚು ಹಾಕಿಸಲಿಲ್ಲ.

ಫೋಟೋದ ಜೋಡಿ ಬೆಚ್ಚಿ ತಿರುಗುವ ಹಾಗೆ ಕೂಗಿಬಿಟ್ಟೆ:

"ಅತ್ತೇ, ತೈ ತಿಂಗ್ಳು ಕಣತ್ತೆ! ನಮ್ಗೆ ಯಾರೂ ಏಳ್ಲೇ ಇಲ್ಲ!"