ಬಾಲದಂಡೆ ಹಕ್ಕಿಗೆ ಕಟ್ಟಿದ ಹೊಂಡ

ಬಸಂತರಾಯರನ್ನು ಸಿದ್ದವ್ವ ಮೊದಲ ಸಲ ನೋಡಿದ್ದು ಹಿತ್ತಲ ಗೋಡೆಯ ಮೇಲೆ, ಅದೂ ತಲೆ ಮಾತ್ರ. ಮುದ್ದೇಬಿಹಾಳದ ಆ ಓಣಿಯಲ್ಲಿ ಅವರು ಮನೆ ಕಟ್ಟಿಸಿಕೊಂಡು ಬಂದು ತಿಂಗಳಾಗಿತ್ತು. ಆಚೆ ಸ್ಟೂಲಿನ ಮೇಲೆ ನಿಂತವರು ನಮಸ್ಕಾರವನ್ನೂ ಹೇಳದೆ, ತಂತಿಯ ಮೇಲೆ ಒಣಹಾಕಿದ್ದ ಕೌದಿ ತೆಗೆಯಬೇಕೆಂದರು. ಫೋಟೋದಲ್ಲಿ ಹಿಂದೆ ಕಾಣುತ್ತದಂತೆ.

ಯಾರ ಫೋಟೋ ಎಂದು ಸಿದ್ದವ್ವ ಕೇಳಿದಳು. ಹಕ್ಕಿಯದು ಎಂದರು. ಗೋಡೆಯಾಚೆ ಇಣುಕಿದರೆ ಒಂದು ಹಕ್ಕಿಯೂ ಇರಲಿಲ್ಲ. ಆದರೂ ಕೌದಿ ತೆಗೆದಳು. ಇಲ್ಲದ ಹಕ್ಕಿಗೆ ತನ್ನ ಕೌದಿಯಿಂದ ತೊಂದರೆ ಯಾಕೆ?

ಉಳಿದ ಕಥೆ ಅವರ ಮನೆ ಕಟ್ಟಿದ ಗೌಂಡಿ ಮಲಿಕಸಾಬನಿಂದ ತಿಳಿಯಿತು. ಬಸಂತರಾಯರು ಮನಗೂಳಿ ಕಡೆಯವರು. ಮೂವತ್ನಾಲ್ಕು ವರ್ಷ ಕಾಲುವೆ ಕೆಲಸದ ಎಂಜಿನಿಯರರಾಗಿದ್ದು ನಿವೃತ್ತರಾದವರು. ಕೈಗೆ ಕ್ಯಾಮೆರಾ ಬಂದಮೇಲೆ ಅದರ ಕೊರಳಪಟ್ಟಿ ಅವರ ಕೊರಳಿನಿಂದ ಇಳಿದದ್ದೇ ಕಡಿಮೆ. ಕಾಲೇಜು ಮೈದಾನದಲ್ಲಿ ಮುಂಜಾನೆ ತಿರುಗಾಡುವ ಹಿರಿಯರ ಮುಂದೆ ಒಂದು ದಿನ, ನಮ್ಮ ಹಿತ್ತಲಿಗೆ ಉದ್ದನೆಯ ಬಿಳಿ ಬಾಲದ ಬಾಲದಂಡೆ ಹಕ್ಕಿ ಬಂದಿತ್ತು, ಕಣ್ಣಾರೆ ಕಂಡೆ ಎಂದು ಸಾರಿಬಿಟ್ಟಿದ್ದರು. ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಸಿದ್ದಲಿಂಗ ಸರ್ ನಡಿಗೆ ನಿಲ್ಲಿಸದೆ ಹೇಳಿದರಂತೆ: “ಫೋಟೋ ತೋರಸ್ರಿ ಸಾಹೇಬ್ರ. ಗಾಳ್ಯಾಗ ಹಾರೂ ಪ್ಲಾಸ್ಟಿಕ್ ಚೀಲಕ್ಕೂ ಬಿಳಿ ಬಾಲ ಇರತೈತಿ.”

ಎಲ್ಲರೂ ನಕ್ಕರು. ಫೋಟೋ ಇಲ್ಲದೆ ಆ ಮೈದಾನಕ್ಕೆ ಕಾಲಿಡುವುದಿಲ್ಲ ಎಂದು ಬಸಂತರಾಯರು ಅಂದೇ ನಿರ್ಧರಿಸಿದರು. ಸಕ್ಕರೆ ಕಾಯಿಲೆಯಿದ್ದರೂ ತಿರುಗಾಟ ಬಿಟ್ಟು, ಹಕ್ಕಿ ನೀರಿಗೆ ಬರಲೆಂದು ಹಿತ್ತಲಲ್ಲಿ ಹೊಂಡ ಕಟ್ಟಿಸಲು ಕೂತರು.

ಮೊದಲನೆಯ ಹೊಂಡದ ನಕಾಶೆಯೇ ನಾಲ್ಕು ಹಾಳೆಯಾಯಿತು. ಎರಡೂವರೆ ಅಡಿ ಆಳ, ನೀಲಿ ಟೈಲ್ಸು, ನಡುವೆ ಕಾರಂಜಿ. ಕಾರಂಜಿಯ ಮೋಟರು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು. ಸಿದ್ದವ್ವ ದಿನಾ ಬೇವಿನ ನೆರಳಲ್ಲಿ ಕೂತು ಅಂಗಡಿಯವರ ಜೋಳ ಹಸನು ಮಾಡುವವಳು. ನುಚ್ಚಿಗಾಗಿ ಗುಬ್ಬಿಗಳು ಅವಳ ಮೊರದ ಅಂಚಿನವರೆಗೂ ಬರುತ್ತಿದ್ದವು. ಅವುಗಳ ಕಾಲು ಎಷ್ಟುದ್ದ ಎಂದು ಹೇಳಲು ಅವಳಿಗೆ ಟೇಪು ಬೇಕಿರಲಿಲ್ಲ.

“ಗುಬ್ಬಿ ಕಾಲು ನನ್ನ ಕಿರುಬೆರಳಿನ ಅರ್ಧ ಇಲ್ಲ,” ಎಂದು ಮಲಿಕಸಾಬನಿಗೆ ಹೇಳಿದಳು. “ಅಷ್ಟ ಆಳಕ್ಕ ಅದು ಈಜು ಕಲ್ತು ಬರಬೇಕೇನೋ?”

“ನಕಾಶಿಗೆ ಸಹಿ ಆಗೇತಿ, ಆಯಿ. ಇನ್ನ ಹಕ್ಕೀನ ಉದ್ದ ಆಗಬೇಕು.”

ಹಕ್ಕಿ ಉದ್ದವಾಗಲಿಲ್ಲ. ಬಂದದ್ದು ಒಂದು ಕಾಗೆ. ಎಲ್ಲಿಂದಲೋ ಕದ್ದ ಒಣರೊಟ್ಟಿಯನ್ನು ಆ ನೀಲಿ ನೀರಿನಲ್ಲಿ ನೆನೆಸಿ ತಿಂದು ಹೋಗುತ್ತಿತ್ತು. ಬಸಂತರಾಯರು ವಾರದಲ್ಲಿ ನೂರಾರು ಫೋಟೋ ತೆಗೆದರು. ಎಲ್ಲವೂ ಅದೇ ಕಾಗೆಯವು. ಕಾಗೆ ಮಾತ್ರ ಬೇಸರವಿಲ್ಲದೆ ಎರಡೂ ಮಗ್ಗುಲು ತೋರಿಸಿತು.

ಬೇಸಿಗೆಯಲ್ಲಿ ಎರಡನೆಯ ವಿನ್ಯಾಸ. ಆಳ ಒಂದು ಅಡಿಗೆ ಇಳಿಯಿತು. ಹಕ್ಕಿ ಕೂರಲೆಂದು ವಾರ್ನಿಷ್ ಹಚ್ಚಿದ ಕೊಂಬೆ ನಿಂತಿತು, ಸುತ್ತಲೂ ಪ್ಲಾಸ್ಟಿಕ್ ಹೂ ಅರಳಿದವು. ಹಾದು ಹೋಗುವ ಹಕ್ಕಿಗಳು ಕೊಂಬೆ ಬಿಟ್ಟು ಮೋಟರಿನ ವೈರಿನ ಮೇಲೆ ಕೂತು, ಹೊಂಡವನ್ನೊಮ್ಮೆ ನೋಡಿ ಹಾರಿದವು. ಹಸಿರು ಬಲೆಯ ಗುಡಾರದೊಳಗೆ ಬಸಂತರಾಯರು ಆರರಿಂದ ಹನ್ನೊಂದರವರೆಗೆ ಬೇಯುತ್ತಿದ್ದರು. ಫೋನು ಬಂದರೆ, ಹಕ್ಕಿಗಳ ಸಲುವಾಗಿ ತಾವು ಮಾತಾಡದೆ ಕೂತಿರುವುದಾಗಿ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

ದಸರೆ ಮುಗಿದ ಮೇಲೆ ಮೋಟರು ಸುಟ್ಟುಹೋಯಿತು. ಆಗ ಸಿದ್ದವ್ವ ತಾನಾಗಿಯೇ ಅವರ ಹಿತ್ತಲಿಗೆ ಹೋದಳು. ಮಲಿಕಸಾಬನ ಕೈಯಿಂದ ಹೊಂಡಕ್ಕೆ ಮಣ್ಣು ತುಂಬಿಸಿ, ಮೇಲೆ ಒರಟು ತಾಳಿಕೋಟಿ ಪರ್ಸಿ ಕಲ್ಲನ್ನು ನಡುವೆ ತಗ್ಗಾಗುವಂತೆ ಹಾಕಿಸಿದಳು. ಅಂಚಿಗೆ ಅರ್ಧ ಬೆರಳು ನೀರು, ನಡುವೆ ಎರಡು ಬೆರಳು. ಮೇಲೊಂದು ಬೇವಿನ ಟೊಂಗೆ ಊರಿಸಿ, ಅದಕ್ಕೆ ಗಡಿಗೆ ಕಟ್ಟಿ, ತಳದ ತೂತಿಗೆ ಬತ್ತಿ ತುರುಕಿದಳು. ಹತ್ತು ಎಣಿಸುವಷ್ಟರಲ್ಲಿ ಮೂರು ಹನಿ ಬೀಳಬೇಕು; ನಾಲ್ಕು ಬಿದ್ದರೆ ಬತ್ತಿ ಬಿಗಿಮಾಡಿ ಮತ್ತೆ ಎಣಿಸಿದಳು. ಹನಿಯ ಲೆಕ್ಕಕ್ಕೆ ಸೂತ್ರ ಯಾವುದೆಂದು ಬಸಂತರಾಯರು ಕೇಳಿದರು. ಬೆರಳು ಎಂದಳು.

ನಾಲ್ಕನೆಯ ದಿನ ಗುಬ್ಬಿ ಬಂದವು, ವಾರದೊಳಗೆ ಪಿಕಳಾರ, ಗೊರವಂಕ. ಬಸಂತರಾಯರು ನೆಂಟರಿಗೆಲ್ಲ ಫೋನು ಮಾಡಿ, ತಮ್ಮ ಮೂರನೆಯ ವಿನ್ಯಾಸ ಗೆದ್ದಿತು ಎಂದರು. ಸಿದ್ದವ್ವ ಗೋಡೆಯಾಚೆ ಜೋಳ ಕೇರುತ್ತ ಕೇಳಿಸಿಕೊಂಡಳು. ವಿನ್ಯಾಸ ಎಂದರೆ ಗಡಿಗೆ ಎಂದು ಅವಳಿಗೆ ಆವತ್ತು ತಿಳಿಯಿತು.

ಛಟ್ಟಿ ಅಮಾವಾಸ್ಯೆ ಕಳೆದು ಮೂರನೆಯ ದಿನ ಅವರು ಬಸವನ ಬಾಗೇವಾಡಿಗೆ ತೊಟ್ಟಿಲ ಕಾರ್ಯಕ್ಕೆ ಹೋದರು. ಕೂಸಿನ ಫೋಟೋ ತೆಗೆಯಬೇಕೆಂದು ಕ್ಯಾಮೆರಾವೂ ಹೋಯಿತು. ಗಡಿಗೆಗೆ ನೀರು ಹಾಕಲು ಬಂದ ಸಿದ್ದವ್ವ ಅಲ್ಲೇ ನಿಂತುಬಿಟ್ಟಳು.

ಸಂಜೆ ಅವರು ಬಂದ ಕೂಡಲೇ ಕಂಡದ್ದರಲ್ಲಿ ಒಂದನ್ನೂ ಬಿಡದೆ ಹೇಳಿದಳು. ಕರಿ ತಲೆ, ಜುಟ್ಟು, ಕಣ್ಣಿನ ಸುತ್ತ ನೀಲಿ ಬಳೆ. ಬೆಳ್ಳನೆಯ ಬಾಲ ಒಂದು ಗೇಣು ನಾಲ್ಕು ಬೆರಳು. ಟೊಂಗೆಯಿಂದ ನಾಲ್ಕು ಸಲ ನೀರಿಗೆ ಬಿದ್ದು ಎದ್ದಿತು. ಐದನೆಯ ಸಲ ಬೀಳಲಿಲ್ಲ, ಹಾರಿತು.

ಬಸಂತರಾಯರು ಕ್ಯಾಮೆರಾ ಕೊರಳಿನಿಂದ ತೆಗೆದು ಮಣ್ಣಿನ ಮೇಲೆಯೇ ಇಟ್ಟರು. ಇನ್ನೇನು, ತಾವೂ ಬಸ್ಸಿನ ಕಿಟಕಿಯಿಂದ ಅದನ್ನು ನೋಡಿದ್ದಾಗಿ ಹೇಳುತ್ತಾರೆ ಎಂದುಕೊಂಡಳು ಸಿದ್ದವ್ವ.

“ಖರೆ ಹೇಳ್ತೇನಿ. ಅವತ್ತ ನಾ ನೋಡೇ ಇಲ್ಲ,” ಎಂದರು. “ಪುಸ್ತಕದಾಗಿನ ಚಿತ್ರ ನೋಡಿ ಹೇಳಿದ್ದೆ.”

“ಗೊತ್ತೈತ್ರಿ ಸಾಹೇಬ್ರ. ನೋಡಿದವರು ಕಾರಂಜಿ ಕಟ್ಟಸೂದಿಲ್ಲ.”

ಅವರು ಸಿಟ್ಟಾಗಲಿಲ್ಲ. ಪರ್ಸಿಯ ಅಂಚಿನಲ್ಲಿ ಕೂತು, ಅರ್ಧ ಬೆರಳು ನೀರಿನಲ್ಲಿ ಕೈ ಇಟ್ಟು, ಬಹಳ ಹೊತ್ತು ಹನಿ ಎಣಿಸಿದರು. ಆಮೇಲೆ ಕೇಳಿದರು:

“ಸಿದ್ದವ್ವಾರ, ನಾಳೆ ಮುಂಜಾನೆ ನನ್ನ ಜೋಡಿ ಮೈದಾನಕ್ಕ ಬರ್ತೀರೇನ್ರಿ? ನಾ ಸುಳ್ಳು ಹೇಳಿದ್ದೆ ಅಂತ ನಾನ ಹೇಳ್ತೇನಿ. ಹಕ್ಕಿ ಬಂದಿದ್ದು ಖರೆ ಅಂತ ಸಿದ್ದಲಿಂಗ ಸರ್ ಮುಂದ ನೀವು ಹೇಳ್ತೀರೇನ್ರಿ?”