ಎಂಟು ಕೆಂಪು ಕಾಗೆಗಳು

ಹೊಸ ಬಣ್ಣದ ವಾಸನೆ ಮೂಗಿಗೆ ಬಡಿದಾಗ ನಾನು ಮೊಮ್ಮಗಳ ಮನೆಯ ಹೊಸ್ತಿಲ ಮೇಲೆ ನಿಂತಿದ್ದೆ. ತಿಪಟೂರಿನಲ್ಲಿ ಅವಳು, ಅವಳ ಗಂಡ ಸೇರಿ ಕಟ್ಟಿಸಿದ ಮನೆ. ನಡುಮನೆಯ ಒಂದು ಗೋಡೆಗೆ ಬದನೆಕಾಯಿ ಬಣ್ಣ. ದೀಪಕ್ಕೆ ಬಿದಿರಿನ ಮಂಕರಿ ಬೋರಲು ಹಾಕಿದ್ದಾಳೆ. ಹಳೇ ಸೈಕಲ್ಲಿನ ಚಕ್ರ ಗೋಡೆಗೆ ಏರಿದೆ, ಅದರ ಕಡ್ಡಿಗಳ ನಡುವೆ ನಮ್ಮೆಲ್ಲರ ಫೋಟೋ. ನನಗೆ ಎಷ್ಟು ಖುಷಿಯಾಯಿತೆಂದರೆ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋಗಿಬಿಟ್ಟೆ. ಆ ಖುಷಿಯ ಬೆನ್ನಿಗೇ ಹಳೆಯ ಸಿಟ್ಟೊಂದು ಎದ್ದು ಕೂತಿತು. ಬಣ್ಣದ ಆ ವಾಸನೆ ನಮ್ಮೂರಿನ ಪಕ್ಕದ ಮನೆಯ ಅಕ್ಕನ ಗೋಡೆಯದು.

ನಾನು ಮದುವೆಯಾಗಿ ಆ ಊರಿಗೆ ಬಂದ ಹೊಸತು. ನಮ್ಮದೂ ಅವರದೂ ಒಂದೇ ಗೋಡೆ. ಅಕ್ಕನ ಗಂಡ ಕೊಬ್ಬರಿ ಮಂಡಿಯಲ್ಲಿ ಚೀಲಗಳ ಮೇಲೆ ಗುರುತು ಹಾಕುವ ಕೆಲಸ ಮಾಡುತ್ತಿದ್ದರು. ತಗಡಿನಲ್ಲಿ ಅಕ್ಷರ ಕೊರೆದು, ಚೀಲದ ಮೇಲಿಟ್ಟು, ಕೆಂಪು ಬಣ್ಣ ಸವರುವುದು. ಡಬ್ಬದ ತಳದಲ್ಲಿ ಉಳಿದ ಬಣ್ಣ ಮನೆಗೆ ಬರುತ್ತಿತ್ತು. ಅಕ್ಕ ಒಂದು ದಿನ ಎಣ್ಣೆ ಡಬ್ಬದ ತಗಡನ್ನು ಕತ್ತರಿಸಿ, ಕಾಗೆಯ ಆಕಾರ ಕೊರೆದು, ನಡುಮನೆಯ ಸುಣ್ಣದ ಗೋಡೆಯ ಮೇಲೆ ಸಾಲಾಗಿ ಎಂಟು ಕಾಗೆ ಮೂಡಿಸಿಬಿಟ್ಟರು. ಎಂಟೂ ಕೆಂಪು. ಒಂದರ ಕೊಕ್ಕು ಮಾತ್ರ ಹಿಂದಕ್ಕೆ ತಿರುಗಿತ್ತು, ಪಕ್ಕದ್ದರ ಜೊತೆ ಏನೋ ಹೇಳುತ್ತಿರುವ ಹಾಗೆ...

"ಯಾರಾದ್ರೂ ಮನೆ ಒಳಗೆ ಕಾಗೆ ಬರೀತಾರಾ ಅಕ್ಕ? ನವಿಲು, ಗಿಣಿ ಬರೀಬಾರ್ದಾ?" ಅಂದೆ.

"ನವಿಲು ನಮ್ಮನೆಗೆ ಯಾವತ್ತು ಬಂದೈತೆ ಹೇಳು. ದಿನಾ ಬಾಗಿಲಿಗೆ ಬರೋವು ಕಾಗೆ ಕಣೇ. ಬರೋರಿಗೆ ತಾನೇ ಜಾಗ ಕೊಡ್ಬೇಕು," ಅಂದರು ಅಕ್ಕ.

ಊರಿನ ಹೆಂಗಸರು ನೋಡಿ ನಕ್ಕರು. ನಮ್ಮತ್ತೆಯಂತೂ "ಇವಳಿಗೆ ಮಾಡಕ್ಕೆ ಕೆಲ್ಸ ಇಲ್ಲ" ಎಂದು ಮೂತಿ ತಿರುವಿದರು. ಅಕ್ಕ ಎಲ್ಲರಿಗೂ ಕಾಫಿ ಕೊಟ್ಟು ಕಳಿಸಿದರು. ಸಾಯಂಕಾಲ ರಾಗಿ ಕೇರುವಾಗ ಆ ಗೋಡೆಗೆ ಎದುರಾಗಿಯೇ ಕೂರುತ್ತಿದ್ದರು. ಆ ಮನೆಯಲ್ಲಿ ಅವರದು ಅಂತ ಇದ್ದದ್ದು ಆ ಗೋಡೆ ಒಂದೇ. ಉಳಿದದ್ದೆಲ್ಲ ಅವರ ಭಾವನ, ಅಂದರೆ ಗಂಡನ ಅಣ್ಣನ, ಯಜಮಾನಿಕೆ.

ಆ ಗೋಡೆಯ ಮೇಲೇ ಅಟ್ಟ. ನಮ್ಮ ಕಡೆ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅದಕ್ಕೆ ಕಾಯಿ ಚೆನ್ನಾಗಿ ಬಲಿತಿರಬೇಕು. ಆ ವರ್ಷ ಭಾವ, ಮರ ಹತ್ತುವ ಆಳು ಮತ್ತೆ ಕೈಗೆ ಸಿಗುವುದಿಲ್ಲ ಎಂದು, ಬಲಿತದ್ದು ಎಳೆಯದ್ದು ನೋಡದೆ ತೋಟಕ್ಕೆ ತೋಟವೇ ಕೀಳಿಸಿದರು. ಕೆಳಗಿನಿಂದ ಅಟ್ಟಕ್ಕೆ ಕಾಯಿ ಎತ್ತಿಕೊಟ್ಟವಳು ನಾನೇ. ಅರ್ಧಕ್ಕರ್ಧ ಇನ್ನೂ ಹಸಿರಾಗಿದ್ದವು. "ಇವು ಎಳೇವು ಕಣ್ರೀ ಭಾವ" ಎಂದು ಅಕ್ಕ ಎರಡು ಸಲ ಹೇಳಿದ್ದನ್ನೂ ಕೇಳಿದ್ದೆ. "ಅಡುಗೆ ಮನೆ ನೋಡ್ಕೊಳಮ್ಮ" ಅಂದಿದ್ದರು ಅವರು.

ವರ್ಷ ತಿರುಗಿ ಅಟ್ಟದಿಂದ ಇಳಿಸಿ ಸುಲಿದು ಒಡೆದರೆ ಅರ್ಧ ಮಾಲು ಕೌಟು. ಮುದುರಿದ ಕೊಬ್ಬರಿ, ಕೊಳೆತ ನಾತ. ಭಾವ ಅಂಗಳದ ಮಧ್ಯೆ ನಿಂತು, ಹತ್ತು ಜನರ ಎದುರಿಗೆ, ಕೈಯನ್ನು ನಡುಮನೆಯ ಕಡೆ ತೋರಿಸಿದರು. "ಶನಿ ತಂದು ಅಟ್ಟದ ಕೆಳಗೆ ಕೂರಿಸಿದ್ರೆ ಕೊಬ್ಬರಿ ಹೆಂಗಾಗ್ತದೆ?"

ಜನ ಹೌದಲ್ಲವಾ ಅಂದರು. ತೋಟ ಮಾಡಿ ತಲೆ ನೆರೆತವರು, ಎಳೆಕಾಯಿ ಯಾವುದು ಬಲಿತಕಾಯಿ ಯಾವುದು ಎಂದು ತಟ್ಟಿ ಶಬ್ದದಲ್ಲೇ ಹೇಳುವವರು, ಒಬ್ಬರೂ ಆ ಕಾಯಿಯನ್ನು ಕೈಗೆತ್ತಿಕೊಂಡು ನೋಡಲಿಲ್ಲ. ಈಗಲೂ ನೆನೆದರೆ ನನ್ನ ಮೈ ಉರಿಯುತ್ತದೆ. ಗೋಡೆಯ ಮೇಲಿನ ಬಣ್ಣ ಅಟ್ಟದ ಮೇಲಿನ ಕಾಯಿಯನ್ನು ಕೊಳೆಸುತ್ತದಂತೆ.

ಅಕ್ಕ ನನ್ನ ಕಡೆ ತಿರುಗಿದರು. "ನೀನೇ ಎತ್ತಿಕೊಟ್ಟೆಯಲ್ಲೇ. ಕಾಯಿ ಹೆಂಗಿದ್ವು ಹೇಳು."

ನಮ್ಮತ್ತೆ ನನ್ನ ಹಿಂದೆ ನಿಂತಿದ್ದರು. ಹೊಸ ಸೊಸೆ ಪಕ್ಕದ ಮನೆಯ ಯಜಮಾನನ ಮಾತಿಗೆ ಎದುರು ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ನೆಲ ನೋಡಿಕೊಂಡು, "ನಂಗೊತ್ತಿಲ್ಲ ಕಣಕ್ಕ" ಅಂದೆ.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡರು. ಆಮೇಲೆ, "ಬುಡು, ಹೊಸಬಳು ನೀನು" ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು...

ಅವತ್ತೇ ಭಾವ ಅಕ್ಕನ ಕೈಯಲ್ಲೇ ಆ ಗೋಡೆಗೆ ಸುಣ್ಣ ಬಳಿಸಿದರು. ಕೆಂಪು ಮುಚ್ಚಲು ಮೂರು ಸಲ ಬಳಿಯಬೇಕಾಯಿತು. ಸುಣ್ಣ ಕಲೆಸಿಕೊಟ್ಟವಳೂ ನಾನೇ. ಮುಂದಿನ ಸಲ ಬಲಿತ ಕಾಯಿ ಹಾಕಿದರು, ಒಳ್ಳೇ ಕೊಬ್ಬರಿ ಬಂತು. "ನೋಡಿದ್ರಾ, ಕಾಗೆ ಹೋದ್ಮೇಲೆ ಹೆಂಗಾಯ್ತು" ಎಂದು ಭಾವ ಊರೆಲ್ಲ ಹೇಳಿಕೊಂಡು ಬಂದರು. ಸುಳ್ಳಿಗೆ ಸಾಕ್ಷಿಯೂ ಸಿಕ್ಕಿಬಿಟ್ಟಿತು. ಅಕ್ಕ ಮತ್ತೆ ತಗಡು ಮುಟ್ಟಲಿಲ್ಲ. ಹಬ್ಬಕ್ಕೆ ಬಾಗಿಲಲ್ಲಿ ನಾಲ್ಕು ಗೆರೆ ರಂಗೋಲಿ ಎಳೆದು ಒಳಗೆ ಹೋಗುತ್ತಿದ್ದರು, ಅಷ್ಟೇ. ಹತ್ತು ವರ್ಷದ ಹಿಂದೆ ತೀರಿಕೊಂಡರು. ಅಷ್ಟು ವರ್ಷ ಒಂದೇ ಗೋಡೆಯ ಆಚೆ ಈಚೆ ಇದ್ದು, "ಅವತ್ತು ಸುಳ್ಳು ಹೇಳಿದೆ ಅಕ್ಕ" ಎನ್ನಲು ನನಗೆ ಬಾಯಿ ಬರಲಿಲ್ಲ.

ಮೊನ್ನೆ ನಾನು ಹೋದಾಗ ಮೊಮ್ಮಗಳ ಮನೆಗೆ ಅವಳ ಅಪ್ಪ, ನನ್ನ ಮಗನೂ ಬಂದಿದ್ದ. ಬದನೆಕಾಯಿ ಬಣ್ಣ ನೋಡಿ ಮುಖ ಕಿವುಚಿದ. "ಏನಮ್ಮ ಇದು? ಗೃಹಪ್ರವೇಶಕ್ಕೆ ಬರೋ ನೆಂಟರು ನಗ್ತಾರೆ. ಒಳ್ಳೇದಾಗಲ್ಲ ಈ ಬಣ್ಣ. ನಾಳೆನೇ ಕ್ರೀಮ್ ಬಳಿಸ್ಬುಡು" ಎಂದು ಮಗಳಿಗೆ ಹೇಳಿದ. ಮೊಮ್ಮಗಳು ಉತ್ತರ ಕೊಡುವ ಮೊದಲು ನನ್ನ ಮುಖ ನೋಡಿದಳು.

"ಬಣ್ಣದಿಂದ ಯಾರಿಗೇನು ಆಗ್ತದ್ಲಾ?" ಅಂದೆ ಮಗನಿಗೆ. "ಅದು ಅವಳ ಗೋಡೆ. ನಗೋರಿಗೆ ಹೊಟ್ಟೆ ತುಂಬ ಊಟ ಹಾಕಿ ಕಳಿಸಾನ. ಗೋಡೆ ತಂಟೆಗೆ ಮಾತ್ರ ಬರಬೇಡ."

ಅವನು ಫೋಟೋಗಳ ಕಡೆ ತಿರುಗಿದ. ಮೊಮ್ಮಗಳು ಬಂದು ನನ್ನ ಭುಜಕ್ಕೆ ಕೆನ್ನೆ ಒತ್ತಿದಳು. ಮೂರನೇ ಕ್ಲಾಸು ಓದಿದವಳು ನಾನು, ಆ ಸಂತೋಷವನ್ನು ಬರೆಯಲು ನನಗೆ ಬರುವುದಿಲ್ಲ. ಇಷ್ಟೇ ಇಷ್ಟು ಮಾತು. ಹೇಳಲು ಎಷ್ಟು ಹೊತ್ತು ಹಿಡಿಯಿತು? ಒಂದು ಉಸಿರು. ಅದನ್ನು ಕೇಳಬೇಕಾಗಿದ್ದವರು ಮಾತ್ರ ಈಗ ಎಲ್ಲೂ ಇಲ್ಲ...