ಎಡಕ್ಕೇ ತಿರುಗುವ ಕಾರುಗಳು

ಸೋಮವಾರ ಬೆಳಿಗ್ಗೆ ನಾನು ಫೋನಿನಲ್ಲಿ ಸುದ್ದಿ ನೋಡುವುದಿಲ್ಲ. ಅಮೆರಿಕದಲ್ಲಿ ಭಾನುವಾರದ ರೇಸು ಮುಗಿಯುವಾಗ ದುಬೈಯಲ್ಲಿ ನಾನು ನಿದ್ರೆಯಲ್ಲಿರುತ್ತೇನೆ. ಮರುದಿನ ಸಂಜೆ ಅಬುಧಾಬಿಯ ಆಫೀಸಿನಿಂದ ಕರಾಮದ ಕೋಣೆಗೆ ಬಂದು, ಕುಕ್ಕರ್ ಇಟ್ಟು, ಲ್ಯಾಪ್‌ಟಾಪಿನಲ್ಲಿ ಅದನ್ನು ಮೊದಲಿನಿಂದ ನೋಡುವುದು ನನ್ನ ಪದ್ಧತಿ. ಅಲ್ಲಿಯವರೆಗೆ ಯಾರು ಗೆದ್ದರೆಂದು ನನಗೆ ತಿಳಿಯಬಾರದು. ಆಫೀಸಿನ ಕ್ಯಾಂಟೀನಿನಲ್ಲಿ ಟಿವಿಗೆ ಬೆನ್ನು ಹಾಕಿ ಕೂರುತ್ತಿದ್ದೆ, ಲಿಫ್ಟಿನಲ್ಲಿ ಯಾರಾದರೂ ಆಟದ ಮಾತೆತ್ತಿದರೆ ಕಿವಿ ಮುಚ್ಚಿಕೊಳ್ಳದಿದ್ದರೂ ಮನಸ್ಸು ಮುಚ್ಚಿಕೊಳ್ಳುತ್ತಿದ್ದೆ. ಇಷ್ಟೆಲ್ಲ ಎಚ್ಚರಿಕೆ ಅನಗತ್ಯವೆಂದು ಹೊಳೆಯಲು ಕೆಲವು ವರ್ಷಗಳೇ ಬೇಕಾದವು. ನನ್ನ ಆಫೀಸಿರುವ ಹಮ್ದಾನ್ ಸ್ಟ್ರೀಟಿನ ಈ ತುದಿಯಿಂದ ಆ ತುದಿಯವರೆಗೆ ಕಿವಿ ತೆರೆದುಕೊಂಡೇ ನಡೆದರೂ, ಫಲಿತಾಂಶ ಹೇಳಿ ನನ್ನ ಸಂಜೆಯನ್ನು ಕೆಡಿಸಬಲ್ಲ ಮನುಷ್ಯ ಒಬ್ಬನೂ ಇಲ್ಲ. ಕ್ರಿಕೆಟಿನ ಅಭಿಮಾನಿಗೆ ಈ ಸುಖ ಇಲ್ಲ. ಈ ದುಃಖವೂ ಇಲ್ಲ.

ಸ್ಟಾಕ್ ಕಾರ್ ರೇಸ್ ನನ್ನ ಹುಚ್ಚು ಎಂದು ಹೇಳಿದರೆ ಎದುರಿಗಿದ್ದವರ ಮುಖ ಮೊದಲು ಅರಳುತ್ತದೆ. "ಓ, ಯಾಸ್ ದ್ವೀಪದಲ್ಲಿ ಆಗುತ್ತಲ್ಲಾ, ಅದಾ? ಪಾಸ್ ಸಿಗುತ್ತಾ ಸಾರ್?" ಅದಲ್ಲ ಎಂದ ಕೂಡಲೇ ಮುಖ ಮೊದಲಿನಂತಾಗುತ್ತದೆ. ಅಬುಧಾಬಿಯ ಆ ಯಾಸ್ ದ್ವೀಪದ ರೇಸು ಕಾರುಗಳು ನೆಲಕ್ಕೆ ಅಂಟಿಕೊಂಡ ಬಾಣಗಳ ಹಾಗಿರುತ್ತವೆ. ನನ್ನವು ಪಾಪ, ಮನೆಯ ಮುಂದೆ ನಿಲ್ಲುವ ಕಾರಿನ ಆಕಾರದವು. ಅವುಗಳಿಗೆ ಮಾಡು ಉಂಟು, ಬದಿಯಲ್ಲಿ ದೊಡ್ಡದಾಗಿ ಬರೆದ ನಂಬರು ಉಂಟು. ಬಾಗಿಲು ಮಾತ್ರ ತೆರೆಯುವುದಿಲ್ಲ. ಡ್ರೈವರ್ ಕಿಟಕಿಯಿಂದ ಒಳಗೆ ತೂರಿಕೊಳ್ಳಬೇಕು. ಹೆಚ್ಚಿನ ರೇಸುಗಳಲ್ಲಿ ಮೊಟ್ಟೆಯಾಕಾರದ ಹಾದಿಯಲ್ಲಿ ನೂರಾರು ಸುತ್ತು ಹೊಡೆಯುತ್ತವೆ. ತಿರುಗುವುದೆಲ್ಲ ಎಡಕ್ಕೆ, ಎಡಕ್ಕೆ, ಮತ್ತೆ ಎಡಕ್ಕೆ. ಇದನ್ನು ಇಷ್ಟು ಹೇಳುವಷ್ಟರಲ್ಲಿ ಕೇಳುವವರು ಗಡಿಯಾರ ನೋಡಿರುತ್ತಾರೆ.

ಮೈಸೂರಿನವನಿಗೆ ಇದು ಅಂಟಿದ್ದು ಹೇಗೆ ಎಂದರೆ, ಗಲ್ಫಿನಲ್ಲಿ ಎಲ್ಲವೂ ಅಂಟುವ ಹಾಗೆಯೇ: ಬಿಟ್ಟು ಹೋಗುವವರಿಂದ. ಇಲ್ಲಿ ವೀಸಾ ಕ್ಯಾನ್ಸಲ್ ಮಾಡಿಸಿ ಹೊರಡುವವರು ಮಿಕ್ಕ ಸಾಮಾನನ್ನು ಲಿಫ್ಟಿನ ಪಕ್ಕ ಇಟ್ಟು ಹೋಗುತ್ತಾರೆ. ಇಸ್ತ್ರಿಪೆಟ್ಟಿಗೆ, ಕ್ರಿಸ್‌ಮಸ್ ಮರ, ಒಂದು ಕಾಲು ಅಲುಗಾಡುವ ಕುರ್ಚಿ. ಹಾಗೆ ಒಮ್ಮೆ ಸಿಕ್ಕಿದ್ದು ಹೊದಿಕೆ ಹರಿದ, ದಿಂಬಿನಷ್ಟು ದಪ್ಪದ ಒಂದು ಪುಸ್ತಕ, ಸ್ಟಾಕ್ ಕಾರ್ ಡ್ರೈವರುಗಳ ಚರಿತ್ರೆ. ನಡುವೆ ತೆರೆದಾಗ ಮಸಿ ಮೆತ್ತಿದ ಮುಖದ ಒಬ್ಬ, ಜಜ್ಜಿದ ಕಾರಿಗೆ ಒರಗಿ ನೀರು ಕುಡಿಯುತ್ತಿದ್ದ. ಇಡೀ ಜೀವಮಾನ ಓಡಿಸಿ ಒಂದು ರೇಸನ್ನೂ ಗೆಲ್ಲದವನಂತೆ. ಕೆಳಗಿದ್ದ ಎರಡು ಸಾಲು ಓದಿ, ಅಲ್ಲಿಯೇ ಲಿಫ್ಟಿನ ಎದುರು, ನಾನು ಅವನ ಅಭಿಮಾನಿಯಾದೆ. ಗೆಲ್ಲದವರ ಅಭಿಮಾನಿಯಾಗುವುದರಲ್ಲಿ ಒಂದು ಅನುಕೂಲವಿದೆ: ಅವರ ನೆನಪಿನ ವಸ್ತುಗಳಿಗೆ ಬೇರೆ ಯಾರೂ ಕೈ ಚಾಚುವುದಿಲ್ಲ.

ಹೀಗೆ ನನ್ನ ಕೋಣೆ ತುಂಬಿತು. ಅಲಮಾರಿನ ಮೇಲೆ, ಡಬ್ಬಿಯಿಂದ ತೆಗೆಯದ ಪುಟ್ಟ ಲೋಹದ ಕಾರುಗಳು. ಮಂಚದ ಕೆಳಗಿನ ಸೂಟ್‌ಕೇಸಿನಲ್ಲಿ ಪುಸ್ತಕಗಳು. ಕೀಲಿಗೊಂಚಲಿನಲ್ಲಿ ನಿಜವಾದ ರೇಸಿನ ಚಕ್ರದಿಂದ ಕಳಚಿದ ಒಂದು ನಟ್ಟು. ಟೈರಿನ ಒಂದು ಹೋಳೂ ಇದೆ. ಏಸಿ ಆರಿಸಿದರೆ ಕೋಣೆಯಲ್ಲಿ ಅದರದ್ದೇ ವಾಸನೆ. ಎಲ್ಲಕ್ಕಿಂತ ಹೆಮ್ಮೆಯದು ಗೋಡೆಯ ಮೇಲಿತ್ತು: ಟ್ರ್ಯಾಕಿನ ಗೋಡೆಗೆ ಬಡಿದ, ನನ್ನ ಆ ಗೆಲ್ಲದ ಡ್ರೈವರನ ಕಾರಿನಿಂದ ಕತ್ತರಿಸಿದ, ಸುಕ್ಕಾದ ತಗಡು, ಫ್ರೇಮು ಹಾಕಿದ್ದು. ಅದರಲ್ಲಿ ನಂಬರಿನ ಅರ್ಧ ಭಾಗ ಕಾಣುತ್ತದೆ.

ಇಷ್ಟಾದರೂ ನನಗೆ ಕಾರು ಓಡಿಸಲು ಬರುವುದಿಲ್ಲ. ಈ ದೇಶದ ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾಗುವುದು ಅವಮಾನವೇನಲ್ಲ, ಅದೊಂದು ಸಂಸ್ಕಾರ. ಆದರೆ ನಾನು ಫೇಲಾದ ಬಗೆ ಸ್ವಲ್ಪ ಬೇರೆ. ಇಲ್ಲಿನ ರೌಂಡ್‌ಅಬೌಟಿನಲ್ಲಿಯೂ ವೃತ್ತವನ್ನು ಎಡಕ್ಕೆ ಇಟ್ಟುಕೊಂಡೇ ಸುತ್ತಬೇಕು. ಹೊಕ್ಕವನು ಹೊರಬರುವ ದಾರಿಯನ್ನು ಬಿಟ್ಟು ಇನ್ನೊಂದು ಸುತ್ತು ಹಾಕಿದೆ. ಮತ್ತೊಂದು ಸುತ್ತಾದ ಮೇಲೆ ಪರೀಕ್ಷಕರು "ಖಲಾಸ್" ಎಂದರು. ಆಮೇಲೆ ನಾನು ಪಕ್ಕದ ಸೀಟಿಗೇ ಸರಿ ಎಂದುಕೊಂಡೆ.

ಆ ಪಕ್ಕದ ಸೀಟು ವಿನ್ಸೆಂಟ್ ಅವರ ಕಾರಿನದು. ವಿನ್ಸೆಂಟ್ ಉಡುಪಿ ಕಡೆಯವರು, ಅಬುಧಾಬಿಯ ಒಂದು ಆಸ್ಪತ್ರೆಯ ಸ್ಟೋರಿನಲ್ಲಿ ಕೆಲಸ, ಮನೆ ದುಬೈಯ ದೇರಾದಲ್ಲಿ. ಬೆಳಿಗ್ಗೆ ನನ್ನನ್ನು ಕರಾಮದಲ್ಲಿ ಹತ್ತಿಸಿಕೊಂಡು ಸಂಜೆ ಅಲ್ಲಿಯೇ ಇಳಿಸುತ್ತಿದ್ದರು. ಇಂಥ ಜೊತೆ ಪ್ರಯಾಣಕ್ಕೆ ಇಲ್ಲಿ ಕಾರ್‌ಲಿಫ್ಟ್ ಎನ್ನುತ್ತಾರೆ. ಅದರ ಸ್ನೇಹವೂ ವಿಚಿತ್ರ. ಒಬ್ಬ ಮನುಷ್ಯನ ಸಕ್ಕರೆ ಕಾಯಿಲೆ, ಭಾವನ ಜಗಳ, ನಿದ್ರೆಯ ಗೊರಕೆ ಎಲ್ಲ ಗೊತ್ತಿರುತ್ತದೆ. ಅವನ ಮನೆಯ ಬಾಗಿಲು ಯಾವ ಬಣ್ಣದ್ದೆಂದು ಗೊತ್ತಿರುವುದಿಲ್ಲ. ಬಾಗಿಲು ಹಾಕಿ ಇಳಿದರೆ ಮುಗಿಯಿತು.

ವಿನ್ಸೆಂಟ್ ನನ್ನ ಏಕೈಕ ಶ್ರೋತೃ. ಬೆಲ್ಟು ಕಟ್ಟಿಕೊಂಡವರು ಎಲ್ಲಿಗೆ ಹೋಗುತ್ತಾರೆ? ಮೊದಲ ಕಾಲದ ಡ್ರೈವರುಗಳಲ್ಲಿ ಕೆಲವರು ಬೆಟ್ಟದ ದಾರಿಯಲ್ಲಿ ಕಳ್ಳಭಟ್ಟಿ ಸಾಗಿಸುತ್ತ, ಪೊಲೀಸರಿಂದ ತಪ್ಪಿಸಿಕೊಳ್ಳುತ್ತಲೇ ವೇಗ ಕಲಿತವರು ಎಂದು ಹೇಳಿದಾಗ ಅವರು ಸ್ಟಿಯರಿಂಗ್ ತಟ್ಟಿ ನಕ್ಕರು. "ಅಂಥವರು ನಮ್ಮ ಕಡೆಯೂ ಇದ್ದರು ಮಾರಾಯ್ರೆ. ಅವರಿಗೆ ಯಾರೂ ಕಪ್ ಕೊಡಲಿಲ್ಲ, ಲಾಕಪ್ಪು ಕೊಟ್ಟರು."

ಇನ್ನೊಂದು ದಿನ ಅವರ ತಕರಾರು ಬೇರೆ. "ಅಲ್ಲ ಮೂರ್ತಿ ಸರ್, ಕಂಬಳದ ಕೋಣವಾದರೂ ಈ ತುದಿಯಿಂದ ಆ ತುದಿಗೆ ಹೋಗಿ ಮುಟ್ಟುತ್ತದೆ. ನಿಮ್ಮವರು ಹೊರಟಲ್ಲಿಗೇ ಬಂದು ಮುಟ್ಟುವುದಾ? ಅದಕ್ಕೆ ಹೊರಡುವುದು ಎಂತಕ್ಕೆ?"

"ನಾವು ದಿನಾ ಮಾಡೋದೂ ಅದೇ ಅಲ್ವಾ ವಿನ್ಸೆಂಟ್?" ಎಂದೆ.

"ನಮಗೆ ಸಂಬಳ ಉಂಟು," ಎಂದರು.

ಅವರಿಗೆ ಹಿಡಿಸಿದ ಸಂಗತಿ ಒಂದೇ. ಕಾರುಗಳು ಗುದ್ದಿಕೊಂಡಾಗ ಒಳಗಿನವನು ಬದುಕಿದ್ದಾನೆಂದು ಹೇಗೆ ತಿಳಿಯುತ್ತದೆ ಎಂದು ಕೇಳಿದ್ದರು. ಡ್ರೈವರನ ಪಕ್ಕದ ಕಿಟಕಿಗೆ ಗಾಜಿನ ಬದಲು ಒಂದು ಬಲೆ ಇರುತ್ತದೆ. ಅಪಘಾತವಾದ ಮೇಲೆ ಅವನು ಕ್ಷೇಮವಾಗಿದ್ದರೆ ಆ ಬಲೆಯನ್ನು ತಾನೇ ಕೆಳಗಿಳಿಸುತ್ತಾನೆ. ಹೊಗೆ, ಬೆಂಕಿ, ಸೈರನ್ನು ಏನೇ ಇರಲಿ, ನೋಡುವವರ ಕಣ್ಣು ಆ ಕಿಟಕಿಯ ಮೇಲಿರುತ್ತದೆ. ಬಲೆ ಇಳಿದರೆ ಇಡೀ ಮೈದಾನ ಉಸಿರು ಬಿಡುತ್ತದೆ. "ಒಳ್ಳೆ ಕ್ರಮ," ಎಂದಿದ್ದರು ವಿನ್ಸೆಂಟ್.

ಚಳಿಗಾಲದ ಒಂದು ಬೆಳಿಗ್ಗೆ ಹೆದ್ದಾರಿಯ ಮೇಲೆ ಮಂಜು ಬಿದ್ದಿತ್ತು. ಚಹಾ ಕುಡಿದು ಮಂಜು ಸರಿದ ಮೇಲೆ ಹೋಗೋಣವೆಂದು ಪೆಟ್ರೋಲ್ ಪಂಪಿಗೆ ತಿರುಗಿಸಿದರು. ನಾನು ಇಳಿದು ಎರಡು ಕಪ್ ಕರಕ್ ಚಹಾ ತೆಗೆದುಕೊಂಡು ಬಂದೆ. ನಾನು ಅಷ್ಟು ದೂರ ನಡೆಯುವುದು ಬೇಡವೆಂದು ವಿನ್ಸೆಂಟ್ ಕಾರನ್ನು ಅಂಗಡಿಯ ಕಡೆಗೆ ತರುತ್ತಿದ್ದರು, ನಿಧಾನವಾಗಿ, ದೀಪ ಹಾಕಿಕೊಂಡು. ಹೆದ್ದಾರಿಯ ಕಡೆಯಿಂದ ಒಂದು ಪಿಕಪ್ ಬಂತು. ಅದರ ದೀಪ ಮೊದಲು ಕಾಣಿಸಿತು, ಆಮೇಲೆ ಅದು. ಅದು ವಿನ್ಸೆಂಟರ ಕಾರಿನ ಹಿಂಭಾಗಕ್ಕೆ ಹೊಡೆಯಿತು. ಕಾರು ಅರ್ಧ ತಿರುಗಿ, ಗಾಳಿ ತುಂಬುವ ಯಂತ್ರದ ಪಕ್ಕದ ಕಟ್ಟೆಗೆ ತಾಗಿ ನಿಂತಿತು. ಸದ್ದು ನಾನು ಸಾವಿರ ಸಲ ಕೇಳಿದ್ದಕ್ಕಿಂತ ಚಿಕ್ಕದಾಗಿತ್ತು.

ನಾನು ಓಡಲಿಲ್ಲ. ಎರಡೂ ಕೈಯಲ್ಲಿ ಕಪ್ ಹಿಡಿದುಕೊಂಡು ಡ್ರೈವರನ ಕಿಟಕಿಯನ್ನು ನೋಡುತ್ತ ನಿಂತೆ. ಅದು ಇಳಿಯುತ್ತದೆ ಎಂದು ಕಾಯುತ್ತಿದ್ದೆ. ಎಷ್ಟು ಹೊತ್ತು ಎಂದು ಹೇಳಲಾರೆ; ಚಹಾ ಚೆಲ್ಲಿರಲಿಲ್ಲ ಎಂಬುದಷ್ಟೇ ನೆನಪಿದೆ. ಪಂಪಿನ ಕೆಲಸದವರು ನನ್ನನ್ನು ದಾಟಿ ಓಡಿ ಬಾಗಿಲು ತೆರೆದರು. ಆಗಷ್ಟೇ ನನಗೆ ನೆನಪಾದದ್ದು, ಈ ಕಾರಿಗೆ ತೆರೆಯುವ ಬಾಗಿಲು ಇದೆ ಎಂದು.

ಪೊಲೀಸ್ ಅಧಿಕಾರಿ ಸಮಾಧಾನದಿಂದ ಎಲ್ಲ ಬರೆದುಕೊಂಡರು. ಪಿಕಪ್ ಯಾವ ದಿಕ್ಕಿನಿಂದ ಬಂತು, ದೀಪ ಇತ್ತೇ, ನೀವು ಎಲ್ಲಿ ನಿಂತಿದ್ದಿರಿ. ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟೆ. "ಆಮೇಲೆ ನೀವು ಏನು ಮಾಡಿದಿರಿ?" ಎಂದು ಕೇಳಿದರು. "ಕಿಟಕಿ ಇಳಿಯಲಿ ಎಂದು ಕಾದೆ," ಎಂದೆ. ಅವರು ಪೆನ್ನು ಎತ್ತಿ ನನ್ನನ್ನು ನೋಡಿದರು. ನೀರು ತರಿಸಿಕೊಟ್ಟರು.

ವಿನ್ಸೆಂಟರಿಗೆ ಕಾಲರ್ ಬೋನ್ ಮುರಿದಿತ್ತು, ಪಕ್ಕೆಗೆ ಪೆಟ್ಟಾಗಿತ್ತು. ಜೀವಕ್ಕೆ ಅಪಾಯವಿರಲಿಲ್ಲ. ನಾನು ಬಸ್ಸಿನಲ್ಲಿ ಓಡಾಡತೊಡಗಿದೆ. ಬಸ್ಸು ಬಹಳ ಚೆನ್ನಾಗಿದೆ, ತಂಪಾಗಿದೆ. ಎಲ್ಲರ ಕಿವಿಯಲ್ಲಿಯೂ ಇಯರ್‌ಫೋನು ಇರುವುದರಿಂದ ಯಾರೂ ಯಾರಿಗೂ ತೊಂದರೆ ಕೊಡುವುದಿಲ್ಲ. ಸೋಮವಾರದ ರೇಸು ನೋಡಲು ಕೂತೆ. ಮೊದಲ ಕಾರು ಗೋಡೆಗೆ ತಾಗಿದ ಕೂಡಲೇ ಲ್ಯಾಪ್‌ಟಾಪ್ ಮುಚ್ಚಿದೆ. ಫ್ರೇಮಿನ ತಗಡನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟೆ. ಅದು ಒಬ್ಬ ಮನುಷ್ಯನಿಗೆ ಬಿದ್ದ ಪೆಟ್ಟು ಎಂದು ಇಷ್ಟು ವರ್ಷ ನನಗೆ ಅನಿಸಿರಲೇ ಇಲ್ಲ.

ಎಲುಬು ಕೂಡಿತು. ಕಾರು ಗ್ಯಾರೇಜಿನಿಂದ ಬಂತು. ವಿನ್ಸೆಂಟ್ ಮಾತ್ರ ಬರಲಿಲ್ಲ. ಒಂದು ದಿನ ಅವರ ಹೆಂಡತಿ ಗ್ಲ್ಯಾಡಿಸ್ ಫೋನು ಮಾಡಿದರು. "ನೀವು ಒಮ್ಮೆ ಮನೆಗೆ ಬನ್ನಿ ಮೂರ್ತಿಯವರೇ. ಇವರು ಟ್ಯಾಕ್ಸಿಯಲ್ಲಿ ಕೂತರೂ ಕಣ್ಣು ಮುಚ್ಚಿ ಜಪಸರ ಹಿಡೀತಾರೆ. ರಜೆ ಮುಗೀತಾ ಬಂತು. ರೋಡಿಗೆ ಇಳಿಯಲಿಕ್ಕೆ ಆಗದಿದ್ರೆ ವೀಸಾ ಕ್ಯಾನ್ಸಲ್ ಮಾಡಿ ಊರಿಗೇ ಹೋಗುವ ಅಂತ ಹೇಳ್ತಾರೆ."

ಅವರ ಮನೆಯ ಬಾಗಿಲು ಹಸಿರು ಬಣ್ಣದ್ದು. ವಿನ್ಸೆಂಟ್ ಸೋಫಾದಲ್ಲಿ ನೆಟ್ಟಗೆ ಕೂತಿದ್ದರು. ಮನೆಯೊಳಗೆ ನಮಗೆ ಮಾತೇ ಹೊರಡಲಿಲ್ಲ. ಇಷ್ಟು ವರ್ಷ ಇಬ್ಬರೂ ಮುಂದಿನ ರಸ್ತೆ ನೋಡುತ್ತ ಮಾತಾಡಿದವರು. ಎದುರುಬದುರು ಕೂತು ರೂಢಿಯಿರಲಿಲ್ಲ. ಕಡೆಗೆ ಅವರೇ ಕೇಳಿದರು. "ಸರ್, ನಿಮ್ಮ ಡ್ರೈವರ್‌ಗಳಿಗೆ ಪೆಟ್ಟಾಗ್ತದಲ್ಲ, ಅವರು ಮತ್ತೆ ಕಾರು ಹತ್ತುವುದು ಹೇಗೆ? ಮೊದಲ ದಿನ? ಪುಸ್ತಕದಲ್ಲಿ ಉಂಟಾ?"

ಉಂಟು, ನೋಡಿ ಹೇಳುತ್ತೇನೆ ಎಂದು ಬಂದೆ. ಮಂಚದ ಕೆಳಗಿನ ಸೂಟ್‌ಕೇಸ್ ಎಳೆದು ಎಲ್ಲ ಪುಸ್ತಕಗಳನ್ನೂ ಹುಡುಕಿದೆ. ಯಾವ ವರ್ಷ ಯಾವ ಎಂಜಿನ್, ಯಾರ ಹಿಂದೆ ಯಾರು, ಯಾರ ತಂದೆ ಯಾರ ಮೆಕ್ಯಾನಿಕ್, ಎಲ್ಲ ಉಂಟು. ಪೆಟ್ಟಾದ ಪುಟಗಳೂ ಬೇಕಾದಷ್ಟು. ಅವುಗಳ ಮುಂದಿನ ವಾಕ್ಯ ಮಾತ್ರ ಎಲ್ಲ ಕಡೆ ಒಂದೇ: ಕೆಲವು ವಾರಗಳ ನಂತರ ಆತ ಟ್ರ್ಯಾಕಿಗೆ ಮರಳಿದ. ಪೂರ್ಣವಿರಾಮ. ಆ ಮರಳಿದ ದಿನ ಬೆಳಿಗ್ಗೆ ಅವನು ಎದ್ದು ತಿಂಡಿ ತಿಂದನೇ, ಕಿಟಕಿಯೊಳಗೆ ಕಾಲು ಇಡುವಾಗ ಯಾರ ಹೆಗಲು ಹಿಡಿದುಕೊಂಡ, ಒಂದು ಅಕ್ಷರವಿಲ್ಲ. ಚರಿತ್ರೆ ಬರೆಯುವವರು ವಿಜೇತರ ಬಗ್ಗೆ ಬರೆಯುತ್ತಾರೆಂದು ದೂರುವುದುಂಟು. ನನಗನಿಸುವುದು, ಅವರು ಬೆಳಗಿನ ಹೊತ್ತನ್ನೇ ಬಿಟ್ಟುಬಿಡುತ್ತಾರೆ.

ಮರುದಿನ ಸಂಜೆ ಮತ್ತೆ ಹೋದೆ. "ಪುಸ್ತಕದಲ್ಲಿ ಇಲ್ಲ ವಿನ್ಸೆಂಟ್," ಎಂದೆ.

"ಇಲ್ಲವಾ," ಎಂದರು. ಕಾರಿನ ಕೀಲಿ ಕೈಗೆ ತೆಗೆದುಕೊಂಡು, "ಬ್ಯಾಟರಿ ಡೌನ್ ಆಗಿರಬಹುದು. ಸ್ಟಾರ್ಟ್ ಮಾಡಿಯಾದರೂ ನೋಡುವ. ನೀವು ಬನ್ನಿ," ಎಂದರು.

ಕಾರು ಕಟ್ಟಡದ ಹಿಂದಿನ ಓಣಿಯಲ್ಲಿ ಧೂಳು ಹೊದ್ದು ನಿಂತಿತ್ತು. ನಾವಿಬ್ಬರೂ ನಮ್ಮ ನಮ್ಮ ಸೀಟಿನಲ್ಲಿ ಕೂತೆವು. ಒಂದೇ ತಿರುವಿಗೆ ಎಂಜಿನ್ ಎದ್ದಿತು. ಏಸಿಯ ಗಾಳಿ ಮೊದಲು ಬಿಸಿಯಾಗಿ, ಆಮೇಲೆ ತಣ್ಣಗೆ ಬಂತು. ವಿನ್ಸೆಂಟ್ ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಇಷ್ಟೇ ಸಾಕು, ನಾಳೆ ಇನ್ನಷ್ಟು, ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಹಿಂದೆ ಒಂದು ಹಾರನ್ ಆಯಿತು.

ದೇರಾ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಇಲ್ಲಿ ಸಂಜೆಯ ಹೊತ್ತು ಪಾರ್ಕಿಂಗ್ ಜಾಗ ಸಿಗುವುದು ದೇವರ ದಯೆ. ನಿಂತ ಕಾರಿನ ಹಿಂದಿನ ದೀಪ ಹತ್ತಿದರೆ ಸಾಕು, ಯಾರಾದರೂ ಬಂದು ಇಂಡಿಕೇಟರ್ ಹಾಕಿ ಕಾಯುತ್ತಾರೆ. ಬಂದವರು ಕತ್ತು ಹೊರಗೆ ಹಾಕಿ, ನಾವು ಹೊರಡುತ್ತಿದ್ದೇವೆಯೇ ಎಂದು ಹಿಂದಿಯಲ್ಲಿ ಕೇಳಿದರು, "ಭಾಯಿ, ನಿಕಲ್ ರಹೇ ಹೋ ಕ್ಯಾ?" ಹಿಂದಿನ ಸೀಟಿನಲ್ಲಿ ಅವರ ಮಗು ಅಳುತ್ತಿತ್ತು. ಅವರ ಹಿಂದೆ ಇನ್ನೊಂದು ಕಾರು ನಿಂತಿತು. ಅದೂ ಹಾರನ್ ಮಾಡಿತು.

ವಿನ್ಸೆಂಟ್ ಸಂಕೋಚದ ಮನುಷ್ಯ. ಇಲ್ಲ, ನಾವು ಸುಮ್ಮನೆ ಕೂತಿದ್ದೇವೆ ಎಂದು ಹೇಳಲು ಅವರಿಗೆ ಬರುವುದಿಲ್ಲ. "ಹಾಂ, ಹಾಂ, ನಿಕಲ್ತಾ ಹೈ," ಎಂದು ಕೈ ಎತ್ತಿದರು. ಕೊಂಕಣಿಯಲ್ಲಿ ಒಂದು ಮಾತು ಹೇಳಿ ರಿವರ್ಸ್ ಹಾಕಿದರು. ಅದು ಪ್ರಾರ್ಥನೆಯೋ ಬೈಗುಳವೋ ನನಗೆ ತಿಳಿಯಲಿಲ್ಲ. ಮಗುವಿನ ಕಾರು ನಮ್ಮ ಜಾಗಕ್ಕೆ ಹೊಕ್ಕಿತು. ನಾವು ರಸ್ತೆಯ ಮೇಲಿದ್ದೆವು.

ಇನ್ನು ಬೇರೆ ಜಾಗ ಹುಡುಕಲೇಬೇಕು. ಓಣಿಯ ಕೊನೆಯಲ್ಲಿ ಬಲಕ್ಕೆ, ಮಸಾಲೆ ಅಂಗಡಿಯ ಬಳಿ ಮತ್ತೆ ಬಲಕ್ಕೆ, ಮಸೀದಿಯ ಗೋಡೆಯ ಪಕ್ಕದಲ್ಲಿ ಬಲಕ್ಕೆ. ಎಲ್ಲಿಯೂ ಖಾಲಿ ಇರಲಿಲ್ಲ. ಪ್ರದಕ್ಷಿಣೆಯ ದಿಕ್ಕು. ನನ್ನ ಪುಸ್ತಕದ ಒಬ್ಬ ಡ್ರೈವರನೂ ಈ ದಿಕ್ಕಿಗೆ ಸುತ್ತಿದವನಲ್ಲ, ಇಷ್ಟು ನಿಧಾನವಾಗಿಯಂತೂ ಅಲ್ಲ. ಕೈಗಾಡಿ ತಳ್ಳುವವರು ನಮ್ಮನ್ನು ದಾಟಿ ಹೋಗುತ್ತಿದ್ದರು. ವಿನ್ಸೆಂಟರ ಹಣೆಯ ಮೇಲೆ ಬೆವರು ಇತ್ತು. ಕಣ್ಣು ಮಾತ್ರ ತೆರೆದೇ ಇತ್ತು.

ಎರಡನೆಯ ಸುತ್ತಿನಲ್ಲಿ ಅವರು ಒಂದು ಟ್ಯಾಕ್ಸಿಯನ್ನು ಬೈದರು. ನನಗೆ ಹಿತವಾಯಿತು.

ಮುಂದಿನ ಸುತ್ತಿನಲ್ಲಿ, ದರ್ಜಿ ಅಂಗಡಿಯ ಎದುರು, ಒಂದು ಜಾಗ ಖಾಲಿಯಾಗಿತ್ತು. ನೆರಳಿನಲ್ಲಿ, ಮನೆಗೆ ಹತ್ತಿರದಲ್ಲಿ, ಅಕ್ಕಪಕ್ಕ ಬೇಕಾದಷ್ಟು ಸ್ಥಳವಿದ್ದ ಜಾಗ. ನಾನು ನೋಡಿದೆ. ಅವರೂ ನೋಡಿದರು, ಕಾಲು ಬ್ರೇಕಿನ ಮೇಲೆ ಹೋದದ್ದು ನನಗೆ ಗೊತ್ತಾಯಿತು. ಅವರು ಕಾಲು ತೆಗೆದರು. ಜಾಗ ಹಿಂದಕ್ಕೆ ಸರಿಯಿತು.

"ಸಿಗ್ತದೆ ಮಾರಾಯ್ರೆ," ಎಂದರು ವಿನ್ಸೆಂಟ್, ಮುಂದಿನ ರಸ್ತೆಯನ್ನು ನೋಡುತ್ತ. "ಎಂತ ಅರ್ಜೆಂಟು?"